ಮಂದಿಯ ನೂಲಿಗೊಂದು ವಿಮೆ

೧೯೪೬ರ ಚಳಿಗಾಲ. ನಾನು ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ವಿಜಯಪುರದಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಸಣ್ಣ ಅಂಗಡಿ. ತಿಕೋಟಾ, ಬಬಲೇಶ್ವರದ ಕಡೆಯ ನೇಕಾರರು ಬಿಳಿ ನೂಲು ತಂದು ಕೊಟ್ಟು, ವಾರ ಬಿಟ್ಟು ಬಣ್ಣದ ನೂಲು ಒಯ್ಯುತ್ತಿದ್ದರು. ಹಿತ್ತಿಲಲ್ಲಿ ಕೆಂಪು, ಹಸಿರು, ನೀಲಿ ನೂಲಿನ ಲಡಿಗಳು ಒಣಗುವಾಗ ಬಿಸಿಲೂ ಬಣ್ಣ ಹಚ್ಚಿಕೊಂಡು ನೆಲಕ್ಕಿಳಿಯುತ್ತಿತ್ತು. ಅವುಗಳ ನಡುವೆ ನಡೆಯುತ್ತ ಒಲೆಯ ಮೇಲಿನ ಅನ್ನವನ್ನೂ ಮರೆಯುತ್ತಿದ್ದೆ.

ಒಂದು ಮಧ್ಯಾಹ್ನ ವಿಮಾ ಕಂಪನಿಯ ಏಜೆಂಟರೊಬ್ಬರು ಬಂದರು. ವಯಸ್ಸಾದವರು, ಮೆಲುದನಿ. ಬೆಂಕಿಯ ವಿಮೆ ಮಾಡಿಸಬೇಕೆಂದು ನಮ್ಮ ಯಜಮಾನರಿಗೂ ಇತ್ತು. ಯಾವುದಕ್ಕೆ ಮಾಡಿಸಬೇಕೆಂದು ಮಾತ್ರ ತಿಳಿದಿರಲಿಲ್ಲ.

"ಒಂದು ಗಳಿಗಿ ಕಣ್ಣ ಮುಚ್ಚ್ರಿ," ಎಂದರು ಏಜೆಂಟರು. "ಅಂಗಡಿ ಸುಟ್ಟೈತಿ ಅಂತ ತಿಳೀರಿ. ಮೊದಲ ಏನು ಹೋತು ಅಂತ ಎದಿ ಒಡೀತೈತಿ?"

"ಕಟ್ಟಡ ನೋಡ್ರಿ. ನಮ್ಮಪ್ಪ ಕಟ್ಟಿಸಿದ್ದು," ಎಂದರು ಯಜಮಾನರು.

ಬಾಗಿಲ ಮರೆಯಲ್ಲಿದ್ದ ನಾನೂ ಕಣ್ಣು ಮುಚ್ಚಿದ್ದೆ. ಹೊಗೆಯೊಳಗೆ ಲಡಿಗಳು ಒಂದೊಂದಾಗಿ ಕರಗುತ್ತಿದ್ದವು. ಆಚೆ ನೇಕಾರರು ಬರಿಗೈಯಲ್ಲಿ ನಿಂತಿದ್ದರು.

"ಮಂದಿ ನೂಲು ಐತಲ್ರಿ!" ಎಂದುಬಿಟ್ಟೆ.

ಏಜೆಂಟರು ನನ್ನತ್ತ ತಿರುಗಿದರು. "ಖರೇ ಹೇಳಿದಿ ತಂಗಿ. ಮಂದಿ ಮಾಲಿಗೆ ಬ್ಯಾರೆ ಬರಸ್ಬೇಕು. ಕಂತೂ ಬ್ಯಾರೆ."

ಎರಡೂ ಕಂತು ಕಟ್ಟುವ ಶಕ್ತಿ ನಮಗಿರಲಿಲ್ಲ. ಯಜಮಾನರು ಎದ್ದು ಅಪ್ಪ ಕಟ್ಟಿಸಿದ ಗೋಡೆಯ ಮೇಲೆ ಕೈಯಾಡಿಸಿದರು. ಆಮೇಲೆ, "ಕಟ್ಟಡ ಬಿಡ್ರಿ. ನೂಲಿಗೆ ಬರೀರಿ," ಎಂದರು. ಅವರು ರುಜು ಹಾಕುವಾಗ, ತಪ್ಪು ಮಾಡಿಸಿದೆನೇನೋ ಎಂದು ನನಗೆ ಭಯವಾಯಿತು.

ಮುಂದಿನ ಬೇಸಿಗೆಯಲ್ಲಿ ಒಲೆಯ ಕಿಡಿಯೊಂದು ಗಾಳಿಗೆ ಹಾರಿ ಅಂಗಡಿಯೊಳಗಿನ ನೂಲಿನ ಮೇಲೆ ಬಿತ್ತು. ನಾವಿಬ್ಬರೂ ಹೊರಗೆ ಓಡಿ ಉಳಿದೆವು. ನೂಲೆಲ್ಲ ಬೂದಿಯಾಯಿತು, ತಲೆಯ ಮೇಲಿನ ಮಾಳಿಗೆ ಕುಸಿಯಿತು. ಗೋಡೆಗಳಷ್ಟೇ ನಿಂತವು.

ಸುದ್ದಿ ಕೇಳಿ ಬಬಲೇಶ್ವರದಿಂದ ಇಮಾಮಸಾಬ ಎಂಬ ಮುದಿ ನೇಕಾರರು ಬಂದರು. ಎಲ್ಲರಿಗಿಂತ ಹೆಚ್ಚು ನೂಲು ಅವರದೇ ಇತ್ತು. ನನಗೆ ತಲೆ ಎತ್ತಲಾಗಲಿಲ್ಲ.

"ಕಾಕಾ, ನಿಮ್ಮ ನೂಲು..."

"ಅದಿರ್ಲಿ ಬಿಡವ್ವಾ. ನಿಮಗಿಬ್ಬರಿಗೂ ಏನೂ ಆಗಿಲ್ಲಲ್ಲ?"

ವಿಮೆಯ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ. "ನಿಮ್ಮ ನೂಲಿಗೆ ವಿಮಾ ಮಾಡ್ಸೇವಿ, ಕಾಕಾ. ರೊಕ್ಕ ಬರ್ತೈತಿ," ಎಂದು ಯಜಮಾನರು ಹೇಳಿದಾಗ ಆ ಹಿರಿಯರು ಕಟ್ಟೆಯ ಮೇಲೆ ಕೂತು, ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

ಕೆಲವು ತಿಂಗಳ ಮೇಲೆ ಕಂಪನಿಯಿಂದ ಹಣ ಬಂತು. ಎಲ್ಲ ನೇಕಾರರಿಗೂ ಮುಟ್ಟಿಸಿದೆವು. ಮಾಳಿಗೆ ಹಾಕಿಸಲು ಮಾತ್ರ ನಮ್ಮಲ್ಲಿ ಏನೂ ಉಳಿದಿರಲಿಲ್ಲ. ಆದರೂ ನೇಕಾರರು ನೂಲನ್ನು ನಮಗೇ ತಂದರು. ಒಬ್ಬರೂ ಬೇರೆ ಅಂಗಡಿಗೆ ಹೋಗಲಿಲ್ಲ.

ಒಂದು ವರ್ಷ ಬರೀ ಗೋಡೆಗಳ ನಡುವೆ, ತೆರೆದ ಆಕಾಶದ ಕೆಳಗೆ ಬಣ್ಣ ಹಾಕಿದೆವು. ಹಂಡೆಯ ನೀಲಿ ನೀರಿನಲ್ಲಿ ಮೋಡಗಳು ತೇಲುತ್ತಿದ್ದವು. ಆಮೇಲೆ ಮಾಳಿಗೆಯೂ ಆಯಿತು, ಅಂಗಡಿಯೂ ಬೆಳೆಯಿತು. ಆದರೆ ಮಾಳಿಗೆಯಿಲ್ಲದ ಆ ವರ್ಷದಷ್ಟು ನೆಮ್ಮದಿಯಾಗಿ ಕಳೆದ ಇನ್ನೊಂದು ವರ್ಷ ನನ್ನ ನೆನಪಿನಲ್ಲಿಲ್ಲ.