ಕುಂಟನ ಕೈಯಲ್ಲಿ ಕಳಿಸಿದ ದಾರ

ನನ್ನ ಹೆಂಡತಿ ಉಮ್ಸುನೈಗೆ ಮೋಟಾರ್ ಸೈಕಲಿನ ಸದ್ದು ನನಗಿಂತ ಮೊದಲೇ ಕೇಳಿಸುತ್ತದೆ. ನಾನು ಕೂಗಿದರೆ ಮಾತ್ರ ಕಿವಿ ಮಂದ. ನಮ್ಮ ಮನೆ ಇರುವುದು ಎರಡು ಗಡಿಠಾಣೆಗಳ ನಡುವೆ. ಕೆಳಗೆ ಕಿರ್ಗಿಜ್ ಸಿಪಾಯಿಗಳು, ಮೇಲೆ ಘಾಟಿಯ ನೆತ್ತಿಯಲ್ಲಿ ತಾಜಿಕ್ ಸಿಪಾಯಿಗಳು. ನಡುವಿನ ರಸ್ತೆಯಲ್ಲಿ ಜರಿದ ಕಲ್ಲುಮಣ್ಣು ಸರಿಸುವ ಕೆಲಸಕ್ಕೆ ನಾನು, ನನಗೆ ಬುದ್ಧಿ ಹೇಳುವ ಕೆಲಸಕ್ಕೆ ಅವಳು.

ಮಗಳು ಜಿಪಾರಳನ್ನು ಘಾಟಿಯಾಚೆ, ಕರಕೋಲ್ ಸರೋವರದ ಹಳ್ಳಿಗೆ ಕೊಟ್ಟೆವು. ಆಗ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿ. ಆಮೇಲೆ ಎರಡೂ ದೇಶದ ದೊಡ್ಡವರು ಜಗಳವಾಡಿಕೊಂಡು ಗಡಿ ಮುಚ್ಚಿದರು. ಈಗ ಪರವಾನಗಿ ಹಿಡಿದು ಬರುವ ದೂರದೇಶದ ಬೈಕಿನವರಿಗೆ ಮಾತ್ರ ದಾರಿ, ನಮ್ಮಂಥವರಿಗಿಲ್ಲ. ಫೋನೂ ಸಿಗುವುದಿಲ್ಲ. ಮೊಮ್ಮಗ ತಿಲೆಕ್ ಹುಟ್ಟಿದ ಸುದ್ದಿ ತಂದವನೂ ಒಬ್ಬ ಬೈಕಿನವನೇ. ಉಮ್ಸುನೈ ಅವನ ಕೆನ್ನೆಗೆ ಮುತ್ತಿಟ್ಟದ್ದನ್ನು ಕಣ್ಣಾರೆ ಕಂಡೆ. ನಾನೂ ಹೋಗಿ ಅವನ ಕೈ ಕುಲುಕಿದೆ.

ಅಂದಿನಿಂದ ಬೈಕಿನವರೆಲ್ಲ ಅವಳ ನೆಂಟರು. ಯಾರೇ ನಿಲ್ಲಲಿ, ರೊಟ್ಟಿ, ಯಾಕ್ ಹಾಲಿನ ಕೆನೆ, ಬಿಸಿ ಚಹಾ. ಹರಿದ ಕೈಗವಸು ಕಂಡರಂತೂ ಕಿತ್ತುಕೊಂಡು ಹೊಲಿದೇ ಬಿಡುತ್ತಾಳೆ.

ಬೇಸಿಗೆ ಮುಗಿಯುವಾಗ ತಿಲೆಕ್ ಗೋಡೆ ಹಿಡಿದು ನಿಲ್ಲುತ್ತಿದ್ದಾನೆಂಬ ಸುದ್ದಿ ಬಂತು. ಉಮ್ಸುನೈ ಆವತ್ತೇ ಕರಿ ಉಣ್ಣೆ, ಬಿಳಿ ಉಣ್ಣೆ ಸೇರಿಸಿ ದಾರ ಹೊಸೆಯಲು ಕೂತಳು. ಮಗು ಹೆಜ್ಜೆಯಿಡುವ ಹೊತ್ತಿಗೆ ಅದರ ಕಾಲೆರಡನ್ನೂ ಆ ದಾರದಿಂದ ಕಟ್ಟಿ, ಆವತ್ತಿನ ಓಟದ ಪಂದ್ಯದಲ್ಲಿ ಗೆದ್ದವರಿಂದ ಅದನ್ನು ಕತ್ತರಿಸಿಸುವುದು ನಮ್ಮ ಪದ್ಧತಿ. ಕತ್ತರಿಸಿದವರ ನಡಿಗೆಯೇ ಮಗುವಿಗೆ ಬರುತ್ತದಂತೆ. ನಮ್ಮ ಮಕ್ಕಳ ದಾರವನ್ನೆಲ್ಲ ಹೊಸೆದವಳು ಅವಳೇ. ಮೊಮ್ಮಗನ ದಾರವೂ ತನ್ನ ಕೈಯದೇ ಆಗಬೇಕೆಂಬ ಹಟ. ಹಿಮ ಬಿದ್ದರೆ ಘಾಟಿ ಬಂದ್. ಅದು ಕರಗುವವರೆಗೆ ಮಗು ನಡೆಯದೆ ಕಾಯುತ್ತದೆಯೇ?

ಹರೆಯದ ಬೈಕಿನವರು ಬಂದಾಗೆಲ್ಲ ದಾರ ಹಿಡಿದು ರಸ್ತೆಗೆ ಓಡಿದಳು. ಅವರು ಕೈಬೀಸಿ, ಧೂಳೆಬ್ಬಿಸಿ ಹೋದರು. ಕೊನೆಗೆ ನಿಂತವನು ಬ್ರೂನೋ, ಸ್ವಿಟ್ಜರ್ಲೆಂಡಿನವನು, ನನಗಿಂತ ಹಿರಿಯ. ಬೈಕಿಳಿದು ನಾಲ್ಕು ಹೆಜ್ಜೆ ಹಾಕಿದ. ಬಲಗಾಲು ಕುಂಟು.

ಉಮ್ಸುನೈ ದಾರವನ್ನು ಬೆನ್ನ ಹಿಂದೆ ಅಡಗಿಸಿದಳು. ಅವನಿಗೆ ಚಹಾ ಕೊಟ್ಟು, ನನ್ನನ್ನು ಒಲೆಯ ಬಳಿಗೆ ಎಳೆದೊಯ್ದಳು.

"ನೋಡೀ ಮುದುಕಪ್ಪಾ, ಇವನು ಕುಂಟ್ತಾನಲ್ಲ!"

"ದಾರ ತಗೊಂಡು ಹೋಗೋಕೆ ಕಾಲ್ಯಾಕೆ? ಬೈಕಿದೆ."

"ನಿಮ್ಮ ಮಗಳು ಗೊತ್ತಿಲ್ವಾ? ದೂರದ ಅತಿಥಿ ಅಂತ ಚಾಕೂನೂ ಇವನ ಕೈಗೇ ಕೊಡ್ತಾಳೆ. ಮಗೂಗೆ ಇವನ ನಡಿಗೆ ಬಂದ್ರೆ?"

"ಅರ್ಧ ಭೂಮಿ ಸುತ್ತಿ ಬಂದಿದ್ದಾನೆ ಕಣೇ ಮುದುಕಿ. ನೆಟ್ಟಗಿರೋ ಎರಡು ಕಾಲಿಟ್ಕೊಂಡು ನೀನೆಲ್ಲಿಗೆ ಹೋಗಿದ್ದೀಯ?"

ಅವಳ ಮುಖ ಸಣ್ಣದಾಯಿತು. "ಮಗಳ ಮನೆಗೂ ಹೋಗೋಕಾಗ್ಲಿಲ್ಲ," ಎಂದಳು. ತಮಾಷೆಗೆ ಆಡಿದ ಮಾತು ಎಲ್ಲಿಗೋ ಹೋಗಿ ತಗುಲಿತ್ತು.

ಅವಳೇ ಎದ್ದು ಹೊರಗೆ ಬಂದಳು. ದಾರವನ್ನು ಬ್ರೂನೋನ ಕೋಟಿನ ಜೇಬಿಗೆ ತುರುಕಿ, ಬೀಳದಿರಲೆಂದು ಜೇಬಿನ ಬಾಯಿಯನ್ನೇ ಹೊಲಿದುಬಿಟ್ಟಳು. ನನ್ನ ಹರಕು ರಷ್ಯನ್ನಿನಲ್ಲಿ ನಾನು ವಿಷಯ ತಿಳಿಸಿದೆ. ಅವನು ಜೇಬಿನ ಮೇಲೆ ಕೈಯಿಟ್ಟು ತಲೆಬಾಗಿದ.

ವಾರವೊಂದು ಕಳೆದಿರಬೇಕು. ಆಚೆಯಿಂದ ಕೊರಿಯಾದ ಹುಡುಗಿಯೊಬ್ಬಳು ಬೈಕಿನಲ್ಲಿ ಬಂದಳು. ನಮ್ಮ ಕೆಂಪು ಮಾಡು ಗುರುತಿಸಿ ನಿಂತು, "ಜಿಪಾರ್, ಜಿಪಾರ್" ಎನ್ನುತ್ತಾ ತನ್ನ ಫೋನಿನಲ್ಲಿ ತೆಗೆದುಕೊಂಡು ಬಂದ ವಿಡಿಯೋ ತೋರಿಸಿದಳು. ಅದರಲ್ಲಿ ಬ್ರೂನೋ ಬಗ್ಗಿ ಮಗುವಿನ ಕಾಲಿನ ದಾರ ಕತ್ತರಿಸುತ್ತಿದ್ದ, ನಮ್ಮದೇ ಕರಿ ಬಿಳಿ ದಾರ. ತಿಲೆಕ್ ಎದ್ದ. ನಡೆದ. ಬಲಗಾಲನ್ನು ಥೇಟ್ ಬ್ರೂನೋನ ಹಾಗೆ ಎಳೆಯುತ್ತ!

"ನೋಡಮ್ಮಾ, ಅತಿಥಿ ತಾತ ಮನೇಲಿದ್ದಷ್ಟು ದಿನ ಅವರನ್ನ ನೋಡಿ ನೋಡಿ ಹೀಗೆ ಕಲ್ತಿದ್ದಾನೆ, ಕಳ್ಳ!" ಫೋನಿನೊಳಗೆ ಜಿಪಾರಳ ನಗು.

ನಾನು ಹೆದರುತ್ತಲೇ ಹೆಂಡತಿಯ ಮುಖ ನೋಡಿದೆ. ಅವಳೂ ನಗುತ್ತಿದ್ದಳು, ಕಣ್ಣೀರು ಧಾರಾಕಾರ.

"ಕುಂಟ್ಲಿ ಬಿಡಿ. ಕುಂಟ್ಕೊಂಡಾದ್ರೂ ಈ ಕಡೆ ಬರ್ಲಿ."

ಫೋನನ್ನು ನನ್ನ ಕೈಗೆ ಕೊಟ್ಟು, "ಕೆಳಗೆ ಹಿಡೀರಿ, ಮಗು ಎತ್ತರಕ್ಕೆ," ಎಂದಳು. ತಾನು ಎದುರಿಗೆ ಕಂಬಳಿಯ ಮೇಲೆ ಕೂತು ಎರಡೂ ಕೈ ಚಾಚಿದಳು. ತಿಲೆಕ್ ಕಾಲೆಳೆಯುತ್ತ ಹತ್ತಿರ ಬಂದ, ಇನ್ನೂ ಹತ್ತಿರ ಬಂದ. ಪರದೆಯ ತುಂಬ ಅವನ ಮುಖವಾಯಿತು. ಅಲ್ಲಿಗೆ ಚಿತ್ರ ನಿಂತಿತು.

ಅವಳು ಕೈ ಇಳಿಸಲಿಲ್ಲ.

"ಇನ್ನೊಂದ್ಸಲ ಹಾಕ್ರೀ," ಎಂದಳು.