ತಮ್ಮನ ದವಡೆ, ನನ್ನ ಮುದ್ದೆ

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಹಾಗಾಗಿ ಮುದ್ದೆ ಉಣ್ಣುವವನಿಗೆ ದವಡೆ ನೋವಿದ್ದರೂ ಎದುರಿಗೆ ಕೂತವರಿಗೆ ತಿಳಿಯುವುದಿಲ್ಲ. ನನ್ನ ತಮ್ಮನ ನೋವು ಅವನ ಹೆಂಡತಿಗೆ ತಿಳಿಯದೆ ಹೋದದ್ದು ಹೀಗೆ. ನನಗೆ ತಿಳಿದಿತ್ತು. ತಿಳಿದೂ ಸುಮ್ಮನಿದ್ದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ ಇದು, ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಶಾಲೆ ಬಿಟ್ಟದ್ದು ಅವನಿಗಾಗಿಯೇ. ಅಮ್ಮ ಹೋದಾಗ ಅವನು ಇನ್ನೂ ನಡೆಯಲು ಕಲಿಯುತ್ತಿದ್ದ. ಅಪ್ಪ ಹೊಲಕ್ಕೆ ಹೋದರೆ ಮನೆಯಲ್ಲಿ ನಾನು, ಅವನು, ಅಷ್ಟೇ. ಆಮೇಲೆ ಅಪ್ಪನೂ ಹೋದ. ನನ್ನ ಮದುವೆಯ ಮಾತು ಬರುತ್ತಿತ್ತು, ನಿಂತುಹೋಗುತ್ತಿತ್ತು. ತಮ್ಮ ದೊಡ್ಡವನಾಗಿ ಅಜ್ಜಂಪುರ ತರೀಕೆರೆ ನಡುವೆ ಓಡುವ ಪ್ರೈವೇಟ್ ಬಸ್ಸಿಗೆ ಕಂಡಕ್ಟರ್ ಆದ. ಸ್ಟ್ಯಾಂಡಿನಲ್ಲಿ ಅವನು ಊರುಗಳ ಹೆಸರು ಕೂಗಿದರೆ ಅಡುಗೆಮನೆಯಲ್ಲಿದ್ದ ನನಗೂ ಕೇಳುತ್ತಿತ್ತು.

ಮದುವೆಗೆ ಮೊದಲು ಅವನ ಕೆಳಗಿನ ದವಡೆಯ ಹಲ್ಲು ಹುಳುಕಾಗಿ, ತರೀಕೆರೆಯಲ್ಲಿ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದೆವು. ಜೊತೆಗೆ ನಾನೂ ಹೋಗಿದ್ದೆ. ಅಲ್ಲಿಯ ಡಾಕ್ಟರು ನನ್ನನ್ನೇ ಕರೆದು ಹೇಳಿದರು: "ಈಗ ಇಂಜೆಕ್ಷನ್ನಿಂದ ಮರಗಟ್ಟಿದೆಯಮ್ಮ, ಕ್ಯಾಪು ಎತ್ತರ ಆಗಿದ್ರೂ ಇವ್ರಿಗೆ ಗೊತ್ತಾಗಲ್ಲ. ಒಂದು ವಾರ ಊಟ ಮಾಡಿ ನೋಡ್ಲಿ. ಆಮೇಲೆ ತಪ್ಪದೆ ಕರ್ಕೊಂಡ್ ಬನ್ನಿ, ಎತ್ತರ ಇದ್ರೆ ಸವರಿ ತಗ್ಗಿಸಿ ಕೊಡ್ತೀನಿ."

ಆ ವಾರವೇ ದಾವಣಗೆರೆ ಕಡೆಯಿಂದ ಹೆಣ್ಣಿನ ಮನೆಯವರು ಬರುವುದಿತ್ತು. "ಒಂದೇ ಹಲ್ಲು ಮೊದ್ಲು ತಾಗ್ತೈತೆ ಕಣಕ್ಕ" ಎಂದು ತಮ್ಮ ಹೇಳಿದ. "ಹೊಸ ಚಪ್ಲಿ ಕಚ್ಚಲ್ವೇನೋ? ಸವೆದ್ಮೇಲೆ ಸರಿಹೋಯ್ತದೆ" ಎಂದೆ. ಇಷ್ಟು ವಯಸ್ಸಿಗೇ ಹಲ್ಲು ಹೋದವನು ಎಂದು ಅವರು ಹಿಂದೆ ಸರಿದಾರು ಎಂಬ ಭಯ ನನಗೆ. "ಹಲ್ಲಿನ ವಿಷ್ಯ ಎತ್ಬೇಡ. ಮದ್ವೆ ಆದ್ಮೇಲೂ ಹೊಸದ್ರಲ್ಲೇ ಹೇಳ್ಬೇಡ, ಹಗುರಾಗ್ಬಿಡ್ತೀಯ" ಎಂದೆ. ಅವನು ನನ್ನ ಮಾತು ಮೀರಿದವನಲ್ಲ. ತರೀಕೆರೆಗೆ ಮತ್ತೆ ಕರೆದುಕೊಂಡು ಹೋಗಲೇ ಇಲ್ಲ ನಾನು.

ಮದುವೆಯಾಯಿತು. ಹುಡುಗಿ ಜೋಳದ ರೊಟ್ಟಿಯ ಸೀಮೆಯವಳು. ಬಂದ ಮೊದಲ ವಾರದಲ್ಲೇ ಒಲೆ ಮುಂದೆ ಕೂತು ಪಟಪಟ ತಟ್ಟಿ, ಹಪ್ಪಳದಷ್ಟು ತೆಳ್ಳಗೆ ರೊಟ್ಟಿ ಮಾಡಿದಳು. ಗಂಡ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಕಟಕಟ ಎನ್ನುವ ಹಾಗೆ ಒಣಗಿಸಿ, ಎಣ್ಣೆಗಾಯಿ ಇಟ್ಟು ಬಡಿಸಿದಳು. ಅವನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಕಿವಿಯ ಮುಂದೆ ಒಂದು ನರ ಎದ್ದು ಕಂಡಿತು. ಅಗಿಯುವುದನ್ನು ನಿಲ್ಲಿಸಿ, ನೀರು ಕುಡಿದು ನುಂಗಿ, "ಹಸಿವಿಲ್ಲ" ಎಂದು ತಟ್ಟೆ ಸರಿಸಿದ. ಅವಳು ನನ್ನ ಮುಖ ನೋಡಿದಳು.

"ನಿಮ್ ತಮ್ಮಗ ರೊಟ್ಟಿ ಸೇರಂಗಿಲ್ಲೇನ್ರಿ ಅತ್ತಿಗೆ?"

"ಚಿಕ್ಕಂದಿನಿಂದ ಮುದ್ದೆ ತಿಂದು ಬೆಳೆದವ್ನಲ್ವಾ" ಎಂದೆ. ಸುಳ್ಳೇನೂ ಅಲ್ಲ. ಎದ್ದು ಹೋಗಿ ಬಿಸಿ ಮುದ್ದೆ ತಿರುವಿ, ಹುರುಳಿ ಸಾರಿನ ಜೊತೆ ತಂದಿಟ್ಟೆ. ಹಸಿವಿಲ್ಲ ಎಂದವನು ಗಬಗಬನೆ ನುಂಗಿದ. ಆಗ ನನ್ನ ಎದೆಯೊಳಗೆ ಏನಾಯಿತೆಂದು ಬರೆಯಲು ನಾಚಿಕೆ. ಖುಷಿಯಾಯಿತು. ಮನೆಗೆ ಹೊಸಬಳು ಬಂದರೂ ಇವನಿಗೆ ನನ್ನ ಕೈ ಊಟವೇ ಬೇಕು ಎಂಬ ಖುಷಿ. ಕ್ಯಾಪಿನ ಕಾಟ ಎಂದು ನನಗೆ ಆ ಗಳಿಗೆಯಲ್ಲೇ ಹೊಳೆದಿತ್ತು.

ದಿನವೂ ಹಾಗೇ ನಡೆಯಿತು. ಅವಳು ರೊಟ್ಟಿಯನ್ನು ಮೆತ್ತಗೆ ಮಾಡಿ ನೋಡಿದಳು, ಚಪಾತಿ ಮಾಡಿದಳು. ಅವನು ಎರಡು ತುತ್ತಿಗೇ ಕೈ ತೊಳೆಯುತ್ತಿದ್ದ, ನಾನು ಮುದ್ದೆ ಇಡುತ್ತಿದ್ದೆ. ಅವಳು ಹಿತ್ತಲಿಗೆ ಹೋಗಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ಬರುತ್ತಿದ್ದಳು. ಅದನ್ನೂ ನೋಡಿದ್ದೆ. ಅವನಿಗೋ ತಲೆನೋವು, ಕಿವಿನೋವು. ಮೆಡಿಕಲ್ ಸ್ಟೋರಿನ ಮಾತ್ರೆ ನುಂಗುತ್ತಿದ್ದ. ಸ್ಟ್ಯಾಂಡಿನಲ್ಲಿ ಕೂಗುವುದೂ ಕಮ್ಮಿಯಾಯಿತು. ಒಂದು ದಿನ ಅದೇ ಬಸ್ಸಿನಲ್ಲಿ ತರೀಕೆರೆಗೆ ಹೊರಟಿದ್ದೆ. ಡ್ರೈವರು ನನ್ನೆದುರೇ ಅವನನ್ನು ರೇಗಿಸಿದ: "ಏನಪ್ಪಾ ಮದುಮಗ, ಮನೇಲಿ ಬಾಯಿಗೆ ಬೀಗ ಹಾಕಿ ಕಳಿಸ್ತಾರೇನೋ? ಸೀಟೆಲ್ಲ ಖಾಲಿ ಕಣಲೇ, ಕೂಗು!" ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಗೌರಿ ಹಬ್ಬಕ್ಕೆ ತವರಿಗೆ ಹೋದವಳು ಹಬ್ಬ ಕಳೆದರೂ ಬರಲಿಲ್ಲ. ಫೋನು ಮಾಡಿದೆ. "ಅವ್ರಿಗೆ ಬೇಕಾದ್ದೆಲ್ಲ ಅಲ್ಲೇ ಐತಲ್ರಿ ಅತ್ತಿಗೆ. ನಾನ್ ಯಾಕ ಬರ್ಲಿ?" ಎಂದಳು. ತಮ್ಮ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದ. ಮೂರನೆಯ ಸಲ ಹೋಗಲಿಲ್ಲ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಆಕಳಿಸಲು ಹೋದವನ ಬಾಯಿ ಅರ್ಧಕ್ಕೇ ಹಿಡಿದುಕೊಂಡಿತು. ಒಂದು ಬೆರಳು ತೂರುವಷ್ಟು ಮಾತ್ರ ತೆರೆಯುತ್ತಿತ್ತು. ಕಣ್ಣಲ್ಲಿ ನೀರು. ಆಗ ನನ್ನ ಖುಷಿಯೆಲ್ಲ ಇಳಿದುಹೋಯಿತು. ಕಡೂರಿನಲ್ಲಿ ದವಡೆ ನೋಡುವ ಒಬ್ಬ ಡಾಕ್ಟರಮ್ಮ ಇದ್ದಾರೆಂದು ಕೇಳಿ ಕರೆದುಕೊಂಡು ಹೋದೆ.

ಅವರು ಕಿವಿಯ ಮುಂದೆ ಬೆರಳಿಟ್ಟು, ಕೆನ್ನೆ ನೀವಿ ಸ್ವಲ್ಪ ಸಡಿಲಿಸಿ, ಬಾಯಿ ತೆರೆಸಿ ಮುಚ್ಚಿಸಿ ನೋಡಿದರು. ಒಂದು ನೀಲಿ ಕಾಗದದ ಪಟ್ಟಿಯನ್ನು ಹಲ್ಲುಗಳ ನಡುವೆ ಇಟ್ಟು, "ಮೆಲ್ಲಗೆ ಕಚ್ಚಿ" ಎಂದರು. ಕನ್ನಡಿ ಹಿಡಿದು ನಮಗೂ ತೋರಿಸಿದರು. ಕ್ಯಾಪಿನ ಮೇಲೆ ಒಂದೇ ಕಡೆ ದಟ್ಟ ನೀಲಿ ಚುಕ್ಕೆ. ಮಿಕ್ಕ ಹಲ್ಲುಗಳ ಮೇಲೆ ಬಣ್ಣವೇ ಇಲ್ಲ.

"ನೋಡಿ, ಬಾಯಿ ಮುಚ್ಚಿದಾಗಲೆಲ್ಲ ಇದೊಂದೇ ಮೊದಲು ತಾಗುತ್ತೆ. ಅದನ್ನ ತಪ್ಪಿಸೋಕೆ ದವಡೆ ಪಕ್ಕಕ್ಕೆ ಜಾರುತ್ತೆ. ಇಡೀ ದಿನ ಹೀಗೆ ಜಾರಿ ಜಾರಿ ಸ್ನಾಯು ಸೋತುಹೋಗಿದೆ, ಕೀಲು ಊದಿಕೊಂಡಿದೆ. ಕ್ಯಾಪ್ ಹಾಕಿಸಿದ ಮೇಲೆ, ಕಚ್ಚಿದಾಗ ಹಲ್ಲು ಸಮವಾಗಿ ಕೂರುತ್ತಾ ಅಂತ ಚೆಕ್ ಮಾಡಿಸ್ಲಿಲ್ವಾ?"

ತಮ್ಮ ನನ್ನ ಕಡೆ ನೋಡದೆ, ತೆರೆದಷ್ಟೇ ಬಾಯಲ್ಲಿ ಹೇಳಿದ: "ನಾನೇ ಮರ್ತೆ ಮೇಡಂ."

ಅವರು ಸಣ್ಣ ಮೆಷಿನ್ನಿನಿಂದ ಕ್ಯಾಪನ್ನು ಒಂಚೂರು ಸವರಿದರು, ಮತ್ತೆ ಕಾಗದ ಇಟ್ಟರು, ಮತ್ತೆ ಸವರಿದರು. ಒಂದೇ ಸಲಕ್ಕೆ ಎಲ್ಲ ಸರಿಯಾಗುವುದಿಲ್ಲ, ಸ್ನಾಯು ಸಡಿಲವಾದ ಹಾಗೆ ಹಲ್ಲು ಕೂರುವ ರೀತಿಯೂ ಬದಲಾಗುತ್ತದೆ, ಮತ್ತೆ ಬರಬೇಕು ಎಂದರು. ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳಲು ಪ್ಲಾಸ್ಟಿಕ್ಕಿನ ಪ್ಲೇಟಿಗೆ ಅಳತೆ ತೆಗೆದುಕೊಂಡರು. ಬೀರೂರು ದಾಟುವ ಹೊತ್ತಿಗೆ ತಮ್ಮ ಕೆನ್ನೆ ಮುಟ್ಟಿಕೊಂಡು, "ಎರಡು ಕಡೆನೂ ಒಟ್ಟಿಗೆ ತಾಗ್ತೈತೆ ಕಣಕ್ಕ. ಹಿಂಗಿರ್ತಿತ್ತು ಅನ್ನೋದೇ ಮರ್ತೋಗಿತ್ತು" ಎಂದ. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಮಾರನೆಯ ದಿನ ಅವನು ಡ್ಯೂಟಿಗೆ ಹೋದ ಮೇಲೆ, ಅಜ್ಜಂಪುರದಲ್ಲಿ ರೈಲು ಹತ್ತಿ ಅವಳ ಊರಿಗೆ ಹೋದೆ. ಅವಳು ಪಡಸಾಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬನ್ನಿ ಎಂದಳು, ನೀರು ಕೊಟ್ಟಳು, ಮತ್ತೆ ಕಾಯಿ ಹಿಡಿದಳು. ನಾನು ಎಲ್ಲ ಹೇಳಿದೆ. ತರೀಕೆರೆಯ ಡಾಕ್ಟರ ಮಾತು, ನಾನು ತಮ್ಮನ ಬಾಯಿ ಕಟ್ಟಿದ್ದು, ಅವನು ರೊಟ್ಟಿ ಬಿಟ್ಟದ್ದು ಯಾಕೆಂದು.

"ನಿಮಗಿದೆಲ್ಲ ಗೊತ್ತಿತ್ತೇನ್ರಿ? ನಾನು ದಿನಾ ರೊಟ್ಟಿ ತಟ್ಟೋವಾಗ?"

"ಗೊತ್ತಿತ್ತು ಕಣವ್ವ. ನೀನು ಹಿತ್ತಲಿಗೆ ಹೋಗ್ತಿದ್ದುದೂ ಗೊತ್ತಿತ್ತು."

ಅವಳ ಕೈ ನಿಂತಿತು. ಬೈಯುತ್ತಾಳೆ ಎಂದುಕೊಂಡೆ. "ಈಗ ಬಾಯಿ ಎಷ್ಟು ತೆರಿತೈತ್ರಿ ಅವ್ರಿಗೆ?" ಎಂದು ಕೇಳಿದಳು. ಎರಡು ಬೆರಳು ಹೋಗುತ್ತದೆ ಎಂದೆ. ತನ್ನ ಬಾಯಿಗೆ ಎರಡು ಬೆರಳು ಇಟ್ಟು ನೋಡಿಕೊಂಡಳು. ಆಗ ಅವಳ ಕಣ್ಣು ತುಂಬಿತು. ಆಮೇಲೆ, "ನಾನು ನಿಮ್ ಜೋಡಿ ಬರಂಗಿಲ್ರಿ. ಅವ್ರೇ ಬಂದು ಕರೀಲಿ. ನೀವು ಇದನ್ನೆಲ್ಲ ಅವ್ರಿಗೂ ಹೇಳೇ ಕಳಿಸ್ಬೇಕು" ಎಂದಳು.

ಕ್ಯಾಪಿನ ಕಾಟವೆಂದು ನನಗೆ ಮೊದಲೇ ಹೊಳೆದದ್ದನ್ನೂ, ಅವಳು ಹಿತ್ತಲಲ್ಲಿ ಅಳುತ್ತಿದ್ದುದನ್ನು ನೋಡಿದ್ದನ್ನೂ ಸಂಜೆ ತಮ್ಮನಿಗೆ ಹೇಳಿದೆ. ಡಾಕ್ಟರಮ್ಮನ ಎದುರು ನನ್ನ ಮರ್ಯಾದೆ ಉಳಿಸಿದವನು ಇಷ್ಟನ್ನು ಊಹಿಸಿರಲಿಲ್ಲ.

"ನೀನು ಹೇಳ್ಬೇಡ ಅಂದಿದ್ದಕ್ಕೆ ನಾನು ಹೇಳ್ಲಿಲ್ಲ. ಅವಳು ಅಳೋದನ್ನ ನೋಡಿದ್ಮೇಲೂ ನೀನು ಯಾಕಕ್ಕ ಸುಮ್ನಿದ್ದೆ?"

"ನನ್ನ ಅಡುಗೆನೇ ಬೇಕು ನಿಂಗೆ ಅಂದ್ಕೊಳ್ಳೋಕೆ ಚೆನ್ನಾಗಿತ್ತು ಕಣೋ."

ಅವನು ಎದ್ದು ಹೊರಗೆ ಹೋದ. ಬೆಳಿಗ್ಗೆ ನನಗೆ ಹೇಳದೆ ರೈಲು ಹತ್ತಿದ. ಇಬ್ಬರೂ ಒಟ್ಟಿಗೆ ಬಂದರು. ಅವಳು ನನ್ನ ಜೊತೆ ಮಾತಾಡಿದಳು. ಅವನು ಮಾತಾಡಲಿಲ್ಲ. ಬೇಕಾದ್ದನ್ನೆಲ್ಲ ಅವಳ ಹತ್ತಿರವೇ ಕೇಳುತ್ತಿದ್ದ.

ಮತ್ತೆ ಕಡೂರಿಗೆ ಹೋಗುವ ದಿನ ಅವರಿಬ್ಬರೇ ಹೋದರು. ಬಾ ಎಂದು ಯಾರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಬಟ್ಟೆ ಒಗೆಯುತ್ತಿದ್ದಾಗ ಫೋನು ಬಂತು. ಅವಳು.

"ಅತ್ತಿಗೆ, ಡಾಕ್ಟ್ರಮ್ಮ ಕೇಳಾಕತ್ತಾರ, ಸಣ್ಣೋರಿದ್ದಾಗ ನಿದ್ದ್ಯಾಗ ಹಲ್ಲು ಕಡೀತಿದ್ರೇನಂತ. ಇವ್ರಿಗೆ ನೆನಪಿಲ್ಲಂತ. ಈಗರ ಖರೇ ಹೇಳ್ರಿ ಮತ್ತ."

ಒದ್ದೆ ಕೈಯಲ್ಲಿ ಫೋನು ಹಿಡಿದು ಹೇಳಿದೆ: ಕಡಿಯುತ್ತಿದ್ದ. ಅಮ್ಮ ಹೋದ ಹೊಸದರಲ್ಲಿ ಬಹಳ. ನಾನು ಪಕ್ಕದಲ್ಲೇ ಮಲಗಿ ಕೆನ್ನೆಯ ಕೆಳಗೆ ಕೈ ಇಡುತ್ತಿದ್ದೆ, ಆಗ ನಿಲ್ಲಿಸುತ್ತಿದ್ದ. ಶಾಲೆಗೆ ಸೇರಿದ ಮೇಲೆ ಕಮ್ಮಿಯಾಯಿತು. ಅವಳು ಒಂದೊಂದನ್ನೂ ಡಾಕ್ಟರಮ್ಮನಿಗೆ ಜೋರಾಗಿ ತಿಳಿಸಿದಳು.

ಹಿಂದಿನಿಂದ ತಮ್ಮ ಏನೋ ಅಂದ. ಬಾಯಲ್ಲಿ ಕಾಗದದ ಪಟ್ಟಿ ಇತ್ತೇನೋ, ತಿಳಿಯಲಿಲ್ಲ.

"ಏನಂದವ್ವ ಅವನು?" ಎಂದೆ.

"ಮನಿಗೆ ಬಂದು ನಿಮಗೇ ಹೇಳ್ತಾರಂತ" ಎಂದಳು.