ಮಾವನ ಕಾಯಿದೆ, ಅತ್ತೆಯ ಕಿಟಕಿ

ಕಳೆದ ವಾರ ನಮ್ಮ ಮನೆಯ ಹಿಂದಿನ ಕಲ್ಯಾಣಮಂಟಪದವರು ಗ್ಯಾಸು ಮುಗಿದುಹೋಯಿತೆಂದು ಹಸಿ ಸೌದೆಗೆ ಬೆಂಕಿ ಹಾಕಿದರು. ಹೊಗೆ ನೇರವಾಗಿ ನನ್ನ ಕೋಣೆಗೇ ಬಂತು. ಸೊಸೆ ಓಡಿಬಂದು ಕಿಟಕಿ ಮುಚ್ಚಲು ಹೋದಳು. "ಇರಲಿ ಬಿಡೇ, ಒಂದು ಗಳಿಗೆ" ಎಂದೆ. ನನ್ನ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಅವಳು ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡುವುದೊಂದು ಬಾಕಿ. ನಕ್ಕ ಕಾರಣ ಅವಳಿಗೆ ಹೇಳಲು ಹೋದರೆ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ನಿಮಗೆ ಪುರುಸೊತ್ತಿದ್ದರೆ ಕೇಳಿ.

ನಾನು ಸೊರಬದವಳು. ರಾಜ್ಯವೆಲ್ಲ ಕೂಡಿ ದೊಡ್ಡ ಮೈಸೂರಾದ ಮಾರನೆಯ ವರ್ಷ ಮದುವೆಯಾಗಿ ಶಿಕಾರಿಪುರಕ್ಕೆ ಬಂದೆ. ತಂದದ್ದು ಒಂದು ಟ್ರಂಕು ಮತ್ತು ದುಂಡನೆಯ ಅಕ್ಷರ. ಟ್ರಂಕಿನ ವಿಷಯ ಯಾರೂ ಎತ್ತಲಿಲ್ಲ. ಅಕ್ಷರವನ್ನು ಮಾತ್ರ ಮಾವನವರು ಮೂರನೆಯ ದಿನವೇ ಪತ್ತೆ ಹಚ್ಚಿದರು. ಅವರಿಗೆ ಬೆಲ್ಲದ ಮಂಡಿ ಇತ್ತು, ಜೊತೆಗೆ ಪುರಸಭೆಯ ಮೆಂಬರಿಕೆ. ಮಂಡಿಯ ಕೆಲಸ ಕೈಯಿಂದ ನಡೆಯುತ್ತಿತ್ತು, ಮೆಂಬರಿಕೆಯ ಕೆಲಸ ಕಾಗದದಿಂದ. ಅವರ ಅಕ್ಷರವೋ, ಬರೆದ ಮಾರನೆಯ ದಿನ ಅವರಿಗೇ ಓದಲು ಬರುತ್ತಿರಲಿಲ್ಲ. ಹೀಗಾಗಿ ಅರಿಸಿನದ ಕೈಯಲ್ಲೇ ನಾನು ಪುರಸಭೆಯ ಠರಾವುಗಳ ನಕಲು ತೆಗೆಯತೊಡಗಿದೆ.

ಮಾವನವರ ಹೆಸರು ಚನ್ನಬಸಪ್ಪ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅವರು ಮಾಡುತ್ತಿದ್ದ ಕೆಲಸ ಜಗುಲಿಯ ಕಂಬ ಒರೆಸುವುದು. ನಮ್ಮ ಬೀದಿಯ ಹಳೆಯ ಮನೆಗಳಿಗೆಲ್ಲ ಕೆತ್ತನೆಯ ಕಂಬಗಳಿದ್ದವು. ನಮ್ಮವು ಅವರ ಮುತ್ತಜ್ಜನ ಕಾಲದವು. ಎಣ್ಣೆ ಬಟ್ಟೆ ಹಿಡಿದು ಕಂಬ ಒರೆಸುವಾಗ ಅವರು ಮೆಲ್ಲನೆ ಏನೋ ಮಾತಾಡುತ್ತಿದ್ದರು. ಅತ್ತೆ ನೀಲಮ್ಮನವರ ಪ್ರಕಾರ ಮೂವತ್ತು ವರ್ಷದಲ್ಲಿ ತಮ್ಮ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಅವರು ಆ ಕಂಬಗಳ ಜೊತೆ ಆಡಿದ್ದರು.

ಪಕ್ಕದ ಮನೆಯ ರುದ್ರಪ್ಪನವರಿಗೆ ಜವಳಿ ಅಂಗಡಿ. ನಡುವೆ ಒಂದು ಓಣಿ, ಓಣಿಯಲ್ಲಿ ಎರಡು ಮನೆಗೂ ಸೇರಿದ ಬಾವಿ. ಆ ವರ್ಷ ರುದ್ರಪ್ಪನವರು ದಾವಣಗೆರೆಗೆ ಹೋಗಿ ಯಾರದೋ ಸಿಮೆಂಟಿನ ಕಟ್ಟಡ ನೋಡಿ ಬಂದರು. ತಮ್ಮ ಜಗುಲಿ ಕಿತ್ತು, ಕಂಬ ಇಳಿಸಿ, ಸಿಮೆಂಟಿನ ಕಮಾನು ಕಟ್ಟಿಸಿ, ನೆತ್ತಿಯ ಮೇಲೆ ತಮ್ಮ ಹೆಸರು ಬರೆಸುತ್ತೇನೆಂದು ಬೀದಿಗೆಲ್ಲ ಸಾರಿದರು. ಮಾವನವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು, "ಬರಿಯಮ್ಮ" ಎಂದರು.

ಹಾಗೆ ಹುಟ್ಟಿದ್ದು ನಮ್ಮೂರಿನ ಹಳೆ ಮನೆಗಳ ಕಾಯಿದೆ. ಪುರಾತನವಾದ ಮನೆಗಳ ಹೊರಮೈಯನ್ನು ಪುರಸಭೆಯ ಅಪ್ಪಣೆಯಿಲ್ಲದೆ ಯಾರೂ ಬದಲಾಯಿಸಕೂಡದು. ಅಪ್ಪಣೆ ಕೊಡಲು ಮೂವರ ಸಮಿತಿ. ಮಾವನವರು ಅಧ್ಯಕ್ಷರು, ನಿವೃತ್ತರಾದ ಒಬ್ಬ ಮೇಷ್ಟ್ರು, ಒಬ್ಬ ಓವರ್‌ಸಿಯರು. 'ಬೀದಿಗೆ ಕಾಣುವ ಗೋಡೆ' ಎಂದು ನಾನು ಬರೆದದ್ದನ್ನು ನೋಡಿ ಮಾವನವರು ಸ್ವಲ್ಪ ಯೋಚಿಸಿದರು. "ಬೀದಿ ಅಥವಾ ಓಣಿ ಅಂತ ಮಾಡು. ಇಲ್ಲಾಂದ್ರೆ ರುದ್ರಪ್ಪ ಓಣಿ ಕಡಿಂದ ಶುರು ಮಾಡ್ತಾನೆ." ನಾನು 'ಅಥವಾ ಓಣಿ' ಎಂದು ಸೇರಿಸಿದೆ. ನಮ್ಮ ಅಡಿಗೆಮನೆಯ ಗೋಡೆ ಓಣಿಗೇ ಇದೆಯೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಬೇಕಿತ್ತು. ದಿನದ ಮುಕ್ಕಾಲು ಭಾಗ ನಾನು ಆ ಗೋಡೆಯ ಒಳಗೇ ಇರುತ್ತಿದ್ದೆ.

ಅಡಿಗೆಮನೆ ಎಂದೆನಲ್ಲ, ಅದು ಮನೆಯಾಗಿರಲಿಲ್ಲ, ಹೊಗೆಯ ಗೂಡು. ಮೊಳ ದಪ್ಪದ ಮಣ್ಣಿನ ಗೋಡೆ, ಒಂದೂ ಕಿಟಕಿ ಇಲ್ಲ. ಹೆಂಚಿನ ನಡುವೆ ಅಂಗೈಯಗಲದ ಒಂದು ಬೆಳಕಿಂಡಿ, ಅದೂ ಮಸಿ ಹಿಡಿದು ಕುರುಡಾಗಿತ್ತು. ರೊಟ್ಟಿ ತಟ್ಟುವಾಗ ಅತ್ತೆಯವರ ಮುಖ ನನಗೆ ಕಾಣುತ್ತಿರಲಿಲ್ಲ, ಕೆಮ್ಮು ಕೇಳಿಸುತ್ತಿತ್ತು. ಅವರ ಕಣ್ಣು ಯಾವಾಗಲೂ ಕೆಂಪು. ನಾನು ಬಂದ ಹೊಸದರಲ್ಲಿ ಪಾಪ, ಅಳುತ್ತಿದ್ದಾರೆಂದು ತಿಳಿದು ನಾನೂ ಅತ್ತಿದ್ದೆ. "ನೀನ್ಯಾಕ ಅಳ್ತಿ, ಒಲೆ ಊದು" ಎಂದಿದ್ದರು. ಕೊನೆಗೆ ಆಸ್ಪತ್ರೆಯ ಡಾಕ್ಟರು ಅವರ ರೆಪ್ಪೆ ಎತ್ತಿ ನೋಡಿ, "ಹೊಗೆಯಲ್ಲಿ ಹೀಗೇ ಇದ್ದರೆ ಇನ್ನು ಕೆಲವೇ ವರ್ಷಕ್ಕೆ ಈ ಕಣ್ಣು ಹೋಗುತ್ತದೆ. ಮೊದಲು ಅಡಿಗೆಮನೆಗೆ ಕಿಟಕಿ ಇಡಿಸಿ" ಎಂದರು.

ಅತ್ತೆ ಅದನ್ನು ಮಾವನವರಿಗೆ ಹೇಳಿದರು. ಮಾವನವರ ಮುಖ ಸಪ್ಪಗಾಯಿತು. ಹೆಂಡತಿಯ ಕಣ್ಣಿನ ಚಿಂತೆ ಅವರಿಗೆ ಇಲ್ಲವೆಂದಲ್ಲ. ಆದರೆ ಹದಿನೈದೇ ದಿನದ ಹಿಂದೆ ರುದ್ರಪ್ಪನವರ ಕಮಾನಿನ ಅರ್ಜಿಗೆ ಅವರೇ 'ಇಲ್ಲ' ಎಂದು ಸಹಿ ಹಾಕಿದ್ದರು.

"ನಾನೇ ತಂದ ಕಾಯಿದೆ. ನನ್ನ ಮನಿ ಗೋಡೆನೇ ಮೊದ್ಲು ಒಡೆದ್ರೆ ಊರು ಏನಂತದೆ?"

"ಊರು ಅನ್ನೋದು ಕೇಳಾಕ ಕಿವಿ ಅದಾವೆ. ಕಣ್ಣು ಹೋದ್ರೆ ಏನು ಮಾಡ್ಲಿ ನಾನು?"

"ಅರ್ಜಿ ಕೊಡು. ಮನೇಲಿ ವಾಸ ಇರೋರು ಯಾರು ಬೇಕಾದ್ರೂ ಕೊಡಬಹುದು. ಸಭೇಲಿ ವಿಚಾರ ಮಾಡ್ತೀವಿ."

ಅತ್ತೆ ನನ್ನನ್ನು ಕೂರಿಸಿಕೊಂಡು ಅರ್ಜಿ ಹೇಳಿ ಬರೆಸಿದರು. "ಮೂವತ್ತು ವರ್ಷದಿಂದ ನಿಮಗೆ ರೊಟ್ಟಿ ಸುಟ್ಟು ಹಾಕಿದೋಳು ಬೇಡ್ಕೊಳ್ಳೋದು ಏನಂದ್ರೆ" ಎಂದು ಅದರ ಆರಂಭ. ನಾನು ಅದನ್ನು ಸರ್ಕಾರಿ ಕನ್ನಡಕ್ಕೆ ತಿರುಗಿಸಿ 'ಈ ಕೆಳಗೆ ಸಹಿ ಮಾಡಿರುವ ನಿವಾಸಿಯು ವಿನಯಪೂರ್ವಕವಾಗಿ' ಎಂದು ಬರೆದೆ. ಓದಿ ಹೇಳಿದಾಗ ಅತ್ತೆಗೆ ಸಮಾಧಾನವಾಗಲಿಲ್ಲ. "ರೊಟ್ಟಿ ಎಲ್ಲಿ ಹೋತು?" ಎಂದರು.

ಉತ್ತರ ಬಂದದ್ದು ಒಂದು ಮಧ್ಯಾಹ್ನ. ಮಾವನವರು ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು, ಅತ್ತೆ ಬಡಿಸುತ್ತಿದ್ದರು. ಪುರಸಭೆಯ ಜವಾನ ಬಾಗಿಲಲ್ಲಿ ನಿಂತು ಅತ್ತೆಯ ಹೆಸರು ಹಿಡಿದು ಕೂಗಿ ಲಕೋಟೆ ಕೊಟ್ಟ. ಅತ್ತೆ ಅದನ್ನು ನನ್ನ ಕೈಗಿತ್ತರು. ನಾನು ಓದಿದೆ: 'ನಿಯಮಕ್ಕೆ ವಿರೋಧವಾಗಿರುವುದರಿಂದ ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ.' ಕೆಳಗೆ ಮಾವನವರ ಸಹಿ. ಸಹಿ ಮಾಡಿದವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಮೆಲ್ಲನೆ, "ಇನ್ನೊಂದೀಟು ಸಾರು" ಎಂದರು.

"ಅರ್ಜಿ ಕೊಡ್ರಿ" ಎಂದರು ಅತ್ತೆ. "ವಿಚಾರ ಮಾಡ್ತೀನಿ."

ಅಂದಿನಿಂದ ಮನೆಯಲ್ಲಿ ಮಾತು ನಿಂತುಹೋಯಿತು. ನನ್ನ ಯಜಮಾನರಿಗೆ ಅಂಜನಾಪುರದ ನಾಲೆಯ ಮೇಲೆ ಕೆಲಸ. ಆ ದಿನಗಳಲ್ಲಿ ನಾಲೆಗೆ ಬಹಳ ತೊಂದರೆ ಬರತೊಡಗಿತು, ಅವರು ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುತ್ತಿದ್ದರು. "ಅಪ್ಪ ಹೇಳೋದೂ ಸರಿ, ಅವ್ವ ಹೇಳೋದೂ ಸರಿ" ಎಂಬುದು ಅವರ ಅಭಿಪ್ರಾಯ. ರುದ್ರಪ್ಪನವರಂತೂ ತಮ್ಮ ಜಗುಲಿಯ ಮೇಲೆ ಕೂತು ನಮ್ಮ ಕೆಮ್ಮನ್ನು ಸಂಗೀತದ ಹಾಗೆ ಕೇಳುತ್ತಿದ್ದರು. ಅಷ್ಟು ಸಾಲದೆಂದು, ಅಧ್ಯಕ್ಷರ ಮನೆಗೆ ಯಾವ ರಿಯಾಯಿತಿಯನ್ನೂ ಕೊಡಬಾರದೆಂದು ಒಂದು ತಕರಾರು ಅರ್ಜಿಯನ್ನೂ ಹಾಕಿದರು.

ರುದ್ರಪ್ಪನವರ ತಾಯಿ ಗಂಗಮ್ಮಜ್ಜಿಯೂ ಸೊರಬದವರು. ಬಾವಿಕಟ್ಟೆಯಲ್ಲಿ ನನ್ನನ್ನು ಕಂಡರೆ ಎರಡು ಮಾತು ಆಡದೆ ಬಿಡುತ್ತಿರಲಿಲ್ಲ. ಒಂದು ದಿನ ನಾನು ಕೊಡ ಇಟ್ಟು ಅವರ ಹತ್ತಿರ ಗೋಳು ತೋಡಿಕೊಂಡೆ. ಅದರ ನಡುವೆ, ಮಾತಿಗೆ ಮಾತು ಬಂದು, ಆ ಕಾಯಿದೆಯನ್ನು ನಾನೇ ಮೂರು ಸಲ ನಕಲು ಮಾಡಿದವಳೆಂದು ಜಂಬ ಕೊಚ್ಚಿಕೊಂಡೆ. "ಒಂದೇ ಒಂದು ದಾರಿ ಅದೆ ಅಜ್ಜಿ. ಮೊದಲೇ ಇದ್ದ ಕಿಟಕಿ ಮುಚ್ಚಿಹೋಗಿದ್ರೆ ಅದನ್ನ ತೆರೆಯೋದಕ್ಕೆ ಅಡ್ಡಿ ಇಲ್ಲ. ನಮ್ಮದರಲ್ಲಿ ಇರಲೇ ಇಲ್ಲವಲ್ಲ, ಏನು ಮಾಡೋದು."

ಅಜ್ಜಿ ಹಗ್ಗ ಸುತ್ತುತ್ತ ನಮ್ಮ ಗೋಡೆಯನ್ನೇ ನೋಡಿದರು. ಮಾರನೆಯ ದಿನ ಅದೇ ಹೊತ್ತಿಗೆ ಕಾದು ನಿಂತಿದ್ದರು.

"ಇತ್ತಲ್ಲ ಹುಡುಗಿ, ಕಿಟಕಿ! ಮರೆತೇಬಿಟ್ಟಿದ್ದೆ ನೋಡು."

ನಾನು ಕುಣಿಯುತ್ತ ಹೋಗಿ ಎರಡನೆಯ ಅರ್ಜಿ ಬರೆದೆ. ಈ ಸಲ ಸಮಿತಿಯವರು ಸ್ಥಳ ತನಿಖೆಗೆ ಬಂದರು. ಅಡಿಗೆಮನೆಯೊಳಗೆ ಮೂವರೂ ತಲೆ ತಗ್ಗಿಸಿ ಬಂದು ನಿಂತರು. ಓವರ್‌ಸಿಯರು ರೂಲು ದೊಣ್ಣೆಯಿಂದ ಗೋಡೆ ಬಡಿದು ನೋಡಿದರು. ಪಡಸಾಲೆಯ ಕಡೆಯ ಬಾಗಿಲಲ್ಲಿ ರುದ್ರಪ್ಪನವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ದೊಡ್ಡವರು ಮನೆಗೆ ಬಂದಾಗ ಚಹಾ ಮಾಡಬೇಕಲ್ಲ, ಒಲೆ ಹೊತ್ತಿಸಿದ್ದೆವು. ಒಲೆಗೆ ಹಸಿ ಸೌದೆ ಇಟ್ಟವರು ಯಾರೆಂದು ಇಷ್ಟು ವರ್ಷ ನಾನು ಯಾರಿಗೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಅತ್ತೆಯಂತೂ ಅಲ್ಲ.

ಗಂಗಮ್ಮಜ್ಜಿ ಮಗನನ್ನು ಸರಿಸಿ ಒಳಗೆ ಬಂದರು. "ಇಲ್ಲೇ ಇತ್ತು. ನಾನು ಮದುವೆಯಾಗಿ ಬಂದ ವರ್ಷ ಇದೇ ಕಿಟಕಿಯಿಂದ ಕೆಂಡ ಇಸ್ಕೊಂಡಿದ್ದೆ. ಈ ಚನ್ನಬಸಪ್ಪನ ಅವ್ವನೇ ಕೊಟ್ಟಿದ್ದು."

ರುದ್ರಪ್ಪನವರ ಬಾಯಿ ತೆರೆದದ್ದು ಹಾಗೇ ಇತ್ತು. "ಅವ್ವಾ! ನನಗೆ ತಿಳುವಳಿಕೆ ಬಂದಾಗಿಂದ ನಾ ಒಂದಿನಾನೂ ನೋಡಿಲ್ಲಲ್ಲ!"

"ನಿನಗೆ ತಿಳುವಳಿಕೆ ಬಂದಿದ್ದು ಯಾವಾಗ?" ಎಂದರು ಅಜ್ಜಿ.

ಮೇಷ್ಟ್ರಿಗೆ ನಗು ತಡೆಯುವುದು ಕಷ್ಟವಾಯಿತು. ಕೆಮ್ಮಿದ ಹಾಗೆ ಮಾಡಿ ಮಾವನವರ ಕಡೆ ತಿರುಗಿದರು. "ಅಧ್ಯಕ್ಷರೇ, ನೀವು ಹುಟ್ಟಿ ಬೆಳೆದಿದ್ದೇ ಈ ಮನೇಲಿ. ನಿಮಗೆ ಗೊತ್ತಿರ್ತದಲ್ರಿ. ಇತ್ತೋ, ಇಲ್ಲೋ? ನೀವು ಹೇಳಿದ್ರೆ ಮುಗೀತು."

ಮಾವನವರು ಸುಳ್ಳು ಹೇಳುವವರಲ್ಲ. ಬೆಲ್ಲದ ಪೆಂಟೆಯಲ್ಲಿ ಇರುವೆ ಇದ್ದರೆ ಗಿರಾಕಿಗೆ ತಾವೇ ತೋರಿಸುತ್ತಿದ್ದವರು. ಅವರು ಗೋಡೆಯನ್ನು ನೋಡಿದರು. ಮಾಡಿನ ಮಸಿ ನೋಡಿದರು. ಒಲೆ, ಗಡಿಗೆ, ಒರಳು, ಒಂದೊಂದನ್ನೇ, ಊರಿಗೆ ಹೊಸಬರು ನೋಡುವ ಹಾಗೆ ನೋಡಿದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು.

"ನನಗೆ ಗೊತ್ತಿಲ್ಲ" ಎಂದರು.

"ಅಂದ್ರೆ?"

"ಈ ಕಡೆ ನಾನು ಬಂದಿಲ್ಲ."

"ಎಷ್ಟು ದಿನದಿಂದ?"

ಮಾವನವರು ಲೆಕ್ಕ ಹಾಕತೊಡಗಿದರು. ಸಣ್ಣವರಿದ್ದಾಗ ಅವ್ವ ಪಡಸಾಲೆಗೇ ತಂದು ಉಣಿಸಿದ್ದಳು, ದೊಡ್ಡವರಾದ ಮೇಲೆ ಹೆಂಡತಿ ಪಡಸಾಲೆಗೇ ತಂದು ಬಡಿಸಿದ್ದಳು. "ಬಂದ ನೆನಪೇ ಇಲ್ಲ ಮೇಷ್ಟ್ರೇ" ಎಂದರು. ಊರಿನ ಹಳೆ ಮನೆಗಳನ್ನೆಲ್ಲ ಕಾಯಲು ಹೊರಟವರು ತಮ್ಮ ಮನೆಯ ಅರ್ಧವನ್ನು ನೋಡಿಯೇ ಇರಲಿಲ್ಲ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ನಕ್ಕರೋ ಅತ್ತರೋ, ಹೊಗೆಯಲ್ಲಿ ನನಗೆ ಕಾಣಲಿಲ್ಲ.

ಅಜ್ಜಿಯ ಸಾಕ್ಷಿಯ ಮೇಲೆ ಅಪ್ಪಣೆ ಸಿಕ್ಕಿತು. ಮಾವನವರು ಸಹಿ ಹಾಕದೆ ದೂರ ಉಳಿದರು, ಉಳಿದ ಇಬ್ಬರು ಹಾಕಿದರು. ಸಿಮೆಂಟು ಬಳಸಬಾರದು, ಹಳೆಯ ರೀತಿಯಲ್ಲೇ ಮರದ ಸರಳು ಇಡಬೇಕು ಎಂದು ಷರತ್ತು. ಗಾರೆಯವನು ಬಂದು ಅಜ್ಜಿ ತೋರಿಸಿದ ಜಾಗದಲ್ಲೇ ಒಡೆದ. ಒಡೆಯುತ್ತ ಹೋದ. ಕೊನೆಗೆ ಓಣಿಯ ಬೆಳಕು ಒಳಗೆ ಬಂತೇ ಹೊರತು ಚೌಕಟ್ಟಿನ ಒಂದು ಚಕ್ಕೆಯೂ ಸಿಗಲಿಲ್ಲ. ಗಟ್ಟಿ ಮಣ್ಣು, ಕಟ್ಟಿದ ದಿನದಿಂದ ಯಾರೂ ಮುಟ್ಟದ್ದು. ಸುದ್ದಿ ಕೇಳಿ ಮತ್ತೆ ಎಲ್ಲರೂ ಓಣಿಯಲ್ಲಿ ಸೇರಿದರು. ರುದ್ರಪ್ಪನವರಿಗೆ ಹಬ್ಬ.

"ಎಲ್ಲಿ ಅಜ್ಜಿ, ನಿಮ್ಮ ಕಿಟಕಿ?" ಎಂದರು ಓವರ್‌ಸಿಯರು.

ಗಂಗಮ್ಮಜ್ಜಿ ತೂತಿನೊಳಗೆ ಬಗ್ಗಿ ನೋಡಿದರು. "ಹೌದನಾ? ಹಂಗಾರೆ ಅದು ಸೊರಬದಲ್ಲಿ ನನ್ನ ತವರುಮನೆ ಕಿಟಕಿ ಇದ್ದೀತು" ಎಂದರು. "ವಯಸ್ಸಾಯ್ತು ನೋಡಿ. ಕಿಟಕಿಗಳೆಲ್ಲ ಅದಲುಬದಲಾಗ್ತವೆ."

ಎಲ್ಲರೂ ಮಾವನವರ ಮುಖ ನೋಡಿದರು. ಇನ್ನೇನು, ಮುಚ್ಚಿ ಎನ್ನುತ್ತಾರೆ ಎಂದು ನಾನು ಅತ್ತೆಯ ಕೈ ಹಿಡಿದುಕೊಂಡೆ. ಅವರು ಜೇಬಿನಿಂದ ನನ್ನದೇ ಅಕ್ಷರದ ನಕಲನ್ನು ತೆಗೆದು, ಕನ್ನಡಕ ಹಾಕಿ, ಮೊದಲಿನಿಂದ ಕೊನೆಯವರೆಗೆ ಓದಿದರು.

"ಇಲ್ಲಿ ನೋಡ್ರಿ. ಅಪ್ಪಣೆ ಇಲ್ಲದೆ ತೆರೆಯೋ ಹಂಗಿಲ್ಲ ಅಂತ ಐತಿ. ಅಪ್ಪಣೆ ಇಲ್ಲದೆ ಮುಚ್ಚೋ ಹಂಗೂ ಇಲ್ಲ ಅಂತ ಐತಿ. ಇದನ್ನ ಮುಚ್ಚಬೇಕಂದ್ರೆ ಯಾರಾದ್ರೂ ಅರ್ಜಿ ಕೊಡಬೇಕು." ಕನ್ನಡಕದ ಮೇಲಿಂದ ಸುತ್ತ ನೋಡಿದರು. "ಯಾರಾದ್ರೂ ಕೊಡೋರು ಅದೀರೇನು?"

ರುದ್ರಪ್ಪನವರು ಬಾಯಿ ತೆರೆದರು. ಅವರ ತಾಯಿ ಒಮ್ಮೆ ಅವರತ್ತ ತಿರುಗಿದರು. ಬಾಯಿ ಮುಚ್ಚಿತು. ಆ ಅರ್ಜಿಯನ್ನು ಈವರೆಗೂ ಯಾರೂ ಕೊಟ್ಟಿಲ್ಲ.

ಮುಂದಿನ ಸಭೆಯಲ್ಲಿ ಮಾವನವರು ನಡೆದದ್ದನ್ನೆಲ್ಲ ತಾವೇ ಹೇಳಿ ಅಧ್ಯಕ್ಷಗಿರಿ ಬಿಟ್ಟರು. ಕಾಯಿದೆ ಪುಸ್ತಕದಲ್ಲೇ ಮಲಗಿತು. ರುದ್ರಪ್ಪನವರು ಕಮಾನು ಕಟ್ಟಿಸಿದರು, ಆದರೆ ತಾಯಿ ತೀರಿಕೊಂಡ ಮೇಲೆ. ಅಲ್ಲಿಯವರೆಗೆ, "ಜಗುಲಿ ಕಿತ್ತರೆ ನಾನೆಲ್ಲಿ ಕೂತ್ಕೊಳ್ಳಲಿ?" ಎಂದು ಅಜ್ಜಿ ಕೇಳುತ್ತಿದ್ದರು, ರುದ್ರಪ್ಪನವರು ಅಂಗಡಿಗೆ ಎದ್ದು ಹೋಗುತ್ತಿದ್ದರು. ಅತ್ತೆಯ ಕಣ್ಣು ಪೂರ್ತಿ ಗುಣವಾಗಲಿಲ್ಲ, ಆದರೆ ಹೋಗಲೂ ಇಲ್ಲ. ಕೊನೆಯ ದಿನದವರೆಗೂ ಅಕ್ಕಿಯಲ್ಲಿ ಕಲ್ಲು ಅವರೇ ಆರಿಸಿದರು. ಮಾವನವರು ಮಾತ್ರ ಕಂಬ ಒರೆಸಿಯಾದ ಮೇಲೆ ದಿನಾ ಚಹಾದ ಲೋಟ ಹಿಡಿದು ಅಡಿಗೆಮನೆಗೆ ಬಂದು, ಕಿಟಕಿಯ ಕೆಳಗೆ ಮಣೆ ಹಾಕಿ ಕೂರಲು ಶುರು ಮಾಡಿದರು. ಒಲೆಗೂ ಒರಳಿಗೂ ನಡುವೆ ಅವರ ಕಾಲು. ದಾಟಿ ದಾಟಿ ಅತ್ತೆಗೆ ಸಾಕಾಯಿತು. "ನಾನು ಕೇಳಿದ್ದು ಕಿಟಕಿ" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು, "ಗಂಡನ್ನಲ್ಲ."

ಹೊಗೆ ಬಂದ ಮಾರನೆಯ ದಿನ ಮಗನನ್ನು ಕಾಡಿ ಬೇಡಿ ಶಿವಮೊಗ್ಗದಿಂದ ಶಿಕಾರಿಪುರದ ಬಸ್ಸು ಹತ್ತಿದೆ. ಆ ಮನೆ ಈಗ ಮೈದುನನ ಮಕ್ಕಳ ಪಾಲಿಗೆ ಹೋಗಿದೆ. ಕಿಟಕಿ ನೋಡಬೇಕೆಂದೇ ಹೋದವಳು. ಬೀದಿಯಲ್ಲಿ ಇಳಿದವಳಿಗೆ ಯಾಕೋ ಕಾಲು ಅಲ್ಲೇ ನಿಂತಿತು. ಎದುರಿಗೆ ಕಂಬಗಳು. ಒಂದರ ತಲೆಯಲ್ಲಿ ಗಿಳಿಗಳು ಸಾಲಾಗಿ ಕೂತಿವೆ. ಅದರಲ್ಲೊಂದು ಗಿಳಿ ಮಾತ್ರ ಕತ್ತು ತಿರುಗಿಸಿ ಹಿಂದಿನದರ ಬಾಯಿಂದ ಹಣ್ಣು ಕಸಿಯುತ್ತಿದೆ. ಯಾವ ಬಡಗಿಯ ತುಂಟತನವೋ. ಮಾವನವರು ದಿನಾ ಅದರ ಜೊತೆಗೇ ಮಾತಾಡುತ್ತಿದ್ದರೇನೋ. ನಾನು ನೋಡುತ್ತಲೇ ನಿಂತೆ.

ಒಳಗಿಂದ ಒಬ್ಬಳು ಹುಡುಗಿ ಬಂದಳು. ನನ್ನ ಗುರುತು ಅವಳಿಗಿಲ್ಲ. "ಯಾರು ಬೇಕಿತ್ತು ಅಜ್ಜಿ?"

"ಯಾರೂ ಬೇಡವೇ. ಕಂಬ ನೋಡ್ತಾ ಇದ್ದೆ. ನಾನು ಈ ಮನೆ ಸೊಸೆ. ಇಪ್ಪತ್ತೆರಡು ವರ್ಷ ಇಲ್ಲಿದ್ದೆ."

"ಮತ್ತೆ ಆಗ ನೋಡಿರ್ಲಿಲ್ವಾ?"

"ಇಲ್ಲ" ಎಂದೆ. "ಒಳಗಿದ್ದೆ."